ಪ್ರೋಗ್ರಾಮರ್ ಆಗಬೇಕೆ, ಸಿಸ್ಟಮ್ ಅಡ್ಮಿನ್ ಆಗಿಯೇ ಉಳಿಯಬೇಕೆ? ಈ ಭಾಗದಲ್ಲಿ ಎರಡನ್ನೂ ಮಾಡಿದವರು ತಿಳಿಸಬೇಕು

ಘಟಪ್ರಭೆಯ ದಂಡೆ, ಮುಧೋಳ

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಮುಗಿಸಿ ನಮ್ಮ ಭಾಗದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದೇನೆ. ವಿಭಾಗ ಎಂಬುದು ಹೆಸರಿಗೆ ಮಾತ್ರ, ಅಲ್ಲಿರುವವನು ನಾನೊಬ್ಬನೇ. ಶಾಖೆಗಳಿಂದ ಫೋನ್ ಬಂದರೆ ಪ್ರಿಂಟರ್ ಸರಿಪಡಿಸುವುದು, ಸರ್ವರ್ ನಿಂತರೆ ಮತ್ತೆ ನಡೆಯುವಂತೆ ಮಾಡುವುದು, ಪಿಗ್ಮಿ ಏಜೆಂಟರ ಯಂತ್ರಗಳಲ್ಲಿರುವ ದಿನದ ಸಂಗ್ರಹವನ್ನು ಮುಖ್ಯ ಕಚೇರಿಯ ಲೆಕ್ಕಕ್ಕೆ ಇಳಿಸುವುದು, ಕಾರ್ಯದರ್ಶಿಗಳು ಬೇಡಿದ ವರದಿಯನ್ನು ಅವರು ಬೇಡಿದ ಆಕಾರದಲ್ಲೇ ತೆಗೆದುಕೊಡುವುದು, ಇವೆಲ್ಲವೂ ನನ್ನ ಪಾಲಿಗೇ ಇವೆ. ಸಂಜೆ ಮನೆಗೆ ಬಂದ ಮೇಲೆ ಪೈಥಾನ್ ಮತ್ತು ಜಾವಾ ಅಭ್ಯಾಸ ಮಾಡುತ್ತೇನೆ. ಸಂಘದ ಕೆಲಸಕ್ಕೆ ಬೇಕಾದ ಒಂದೆರಡು ಸಣ್ಣ ಪ್ರೋಗ್ರಾಮ್‌ಗಳನ್ನೂ ಬರೆದಿದ್ದೇನೆ.

ನನ್ನ ಜೊತೆ ಓದಿದವರಲ್ಲಿ ಬಹಳಷ್ಟು ಜನ ಬೆಂಗಳೂರು, ಪುಣೆಗಳಲ್ಲಿ ಡೆವಲಪರ್ ಎಂದು ಸೇರಿದ್ದಾರೆ. ಎಲ್ಲವೂ ಕ್ಲೌಡ್‌ಗೆ, ಅಂದರೆ ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳಿಗೆ, ಹೋಗುತ್ತಿರುವಾಗ ಸರ್ವರ್ ಕಾಯುವವನಿಗೆ ಮುಂದೆ ಬೆಲೆ ಇರುವುದಿಲ್ಲ ಎಂಬುದು ಅವರ ಮಾತು. ಇಲ್ಲಿಯ ಆಡಳಿತ ಮಂಡಳಿಗೆ ನಾನು ಪ್ರೋಗ್ರಾಮ್ ಬರೆಯಬಲ್ಲೆ ಎಂಬುದೇ ಮುಖ್ಯವಲ್ಲ, ಮುಂಜಾನೆ ಹತ್ತಕ್ಕೆ ಕೌಂಟರ್ ತೆರೆದಾಗ ಪರದೆ ಬಂದರೆ ಅವರಿಗೆ ಸಾಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಊರುಗಳಲ್ಲಿ ಈ ಎರಡೂ ಕೆಲಸಗಳನ್ನು ಮಾಡಿ ಬಂದ ಹಿರಿಯರು ತಮ್ಮ ದಾರಿ ಹೇಗಿತ್ತು, ಕಲಿತದ್ದರಲ್ಲಿ ಯಾವುದು ಇಂದಿಗೂ ಬಳಕೆಯಲ್ಲಿದೆ, ಯಾವುದು ಉದುರಿಹೋಯಿತು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಪೈಥಾನ್ ಕಲಿಯಿರಿ, ಡೆವಾಪ್ಸ್ (ಪ್ರೋಗ್ರಾಮ್ ಬರೆಯುವುದು, ನಡೆಸುವುದು ಎರಡನ್ನೂ ಕೂಡಿಸಿದ ಕೆಲಸ) ಕಲಿಯಿರಿ ಎಂಬ ಒಂದು ಸಾಲಿನ ಸಲಹೆಗಳು ನನಗೆ ಈಗಾಗಲೇ ಬೇಕಾದಷ್ಟು ಸಿಕ್ಕಿವೆ.

ಕೋಟೆಕೆರೆ, ಬೆಳಗಾವಿ

ತಮ್ಮಾ, ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎರಡು ಕೆಲಸಗಳನ್ನು ನಾನು ಬೇರೆ ಬೇರೆಯಾಗಿ ಯಾವತ್ತೂ ಮಾಡಿಲ್ಲ. ಹಾಗೆ ಮಾಡುವ ಅನುಕೂಲವೂ ನಮ್ಮ ಕಡೆ ಇರಲಿಲ್ಲ. ಪ್ರೋಗ್ರಾಮ್ ಬರೆದವನನ್ನೇ ಅದು ನಿಂತಾಗಲೂ ಕರೆಯುತ್ತಿದ್ದರು. ದೊಡ್ಡ ಊರುಗಳಲ್ಲಿ ಬರೆಯುವವರು ಒಂದು ಕಟ್ಟಡದಲ್ಲಿ, ನಡೆಸುವವರು ಮತ್ತೊಂದು ಕಟ್ಟಡದಲ್ಲಿ ಕುಳಿತಿದ್ದ ಕಾಲದಲ್ಲಿ ನಾವು ಅನಿವಾರ್ಯವಾಗಿ ಎರಡನ್ನೂ ಕಲಿತೆವು. ಆ ಅನಿವಾರ್ಯತೆಯೇ ಮುಂದೆ ನನ್ನ ಹೊಟ್ಟೆ ಹೊರೆಯಿತು.

ನಾನು ಆರಂಭಿಸಿದ್ದು 1980ರ ದಶಕದ ಕೊನೆಯಲ್ಲಿ, ಬೆಳಗಾವಿಯ ಒಂದು ಕಂಪ್ಯೂಟರ್ ತರಗತಿಯಲ್ಲಿ. ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಒಂದು ಡ್ರೈವಿನಲ್ಲಿ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇರುವ ಫ್ಲಾಪಿ, ಇನ್ನೊಂದರಲ್ಲಿ ನಮ್ಮ ಕೆಲಸದ ಫ್ಲಾಪಿ, ಒಂದೊಂದರ ಸಾಮರ್ಥ್ಯ 360 ಕಿಲೋಬೈಟ್. ಜಿಡಬ್ಲ್ಯೂ ಬೇಸಿಕ್ ಭಾಷೆಯಲ್ಲಿ ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಟ್ಟು ಬರೆಯುತ್ತಿದ್ದೆವು. ಅಲ್ಲಿ ಕಲಿತದ್ದರಲ್ಲಿ ಇಂದು ಬಳಕೆಗೆ ಬರುವುದು ಹೆಚ್ಚೇನಿಲ್ಲ, ಹೀಗಾಗಿ ಮುಂದಕ್ಕೆ ಹೋಗುತ್ತೇನೆ.

ನಿಜವಾದ ಪಾಠ ಸಿಕ್ಕಿದ್ದು ಒಂದು ಪತ್ತಿನ ಸಂಘದ ಪಿಗ್ಮಿ ಲೆಕ್ಕವನ್ನು ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದಾಗ. ವಿದ್ಯುತ್ ಯಾವ ಗಳಿಗೆಯಲ್ಲಿ ಹೋಗುತ್ತದೆ ಎಂಬುದಕ್ಕೆ ಆಗ ನಿಯಮವೇ ಇರಲಿಲ್ಲ, ಸಂಘದ ಯುಪಿಎಸ್ ಬ್ಯಾಟರಿಯೋ ಹೆಸರಿಗಷ್ಟೇ ಇತ್ತು. ಗುಮಾಸ್ತರು ನಮೂದಿಸುತ್ತಿರುವಾಗಲೇ ಕರೆಂಟ್ ಹೋಗಿ, ಮರಳಿ ಬಂದ ಮೇಲೆ ನೋಡಿದರೆ ಮಧ್ಯಾಹ್ನದ ನಂತರದ ನಮೂದುಗಳು ಕಾಣದಾದವು. ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಫಾಕ್ಸ್‌ಪ್ರೋ ದಾಖಲೆಗಳನ್ನಿಡುವ ಡಿಬಿಎಫ್ ಕಡತದ ರಚನೆಯನ್ನು ಕೈಪಿಡಿಯಲ್ಲಿ ಓದಿಕೊಂಡಿದ್ದು ಅಂದು ಉಪಯೋಗಕ್ಕೆ ಬಂತು. ಆ ಕಡತದ ಮೊದಲ 32 ಬೈಟ್‌ಗಳಲ್ಲಿ ಇಡೀ ಕಡತದ ಜಾತಕವಿರುತ್ತದೆ. ಸೊನ್ನೆಯಿಂದ ಎಣಿಸಿದರೆ 4ರಿಂದ 7ನೆಯ ಬೈಟ್‌ಗಳಲ್ಲಿ ಒಟ್ಟು ದಾಖಲೆಗಳ ಸಂಖ್ಯೆ, ಮುಂದಿನ ಎರಡರಲ್ಲಿ ಶಿರೋಭಾಗದ (ಕಡತದ ಆರಂಭದ ವಿವರಗಳ ಭಾಗದ) ಉದ್ದ, ಅದರ ಮುಂದಿನ ಎರಡರಲ್ಲಿ ಒಂದು ದಾಖಲೆಯ ಉದ್ದ ಇರುತ್ತವೆ. ಹೊಸ ದಾಖಲೆಗಳು ಡಿಸ್ಕಿಗೆ ಇಳಿದಿದ್ದರೂ ಶಿರೋಭಾಗದಲ್ಲಿನ ಸಂಖ್ಯೆ ಬದಲಾಗುವ ಮೊದಲೇ ವಿದ್ಯುತ್ ಹೋದರೆ, ಫಾಕ್ಸ್‌ಪ್ರೋ ಹಳೆಯ ಸಂಖ್ಯೆಯನ್ನೇ ನಂಬಿ ಉಳಿದದ್ದನ್ನು ತೋರಿಸುವುದಿಲ್ಲ. ಕಡತದ ಒಟ್ಟು ಗಾತ್ರದಿಂದ ಶಿರೋಭಾಗವನ್ನು ಕಳೆದು, ಒಂದು ದಾಖಲೆಯ ಉದ್ದದಿಂದ ಭಾಗಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಸಿ ಭಾಷೆಯ ಟರ್ಬೋ ಸಿಯಲ್ಲಿ ಸಣ್ಣ ಪ್ರೋಗ್ರಾಮ್ ಬರೆದು, ಮೊದಲು ಕಡತದ ಪ್ರತಿ ತೆಗೆದಿಟ್ಟುಕೊಂಡು, ಆ ನಾಲ್ಕು ಬೈಟ್‌ಗಳನ್ನು ತಿದ್ದಿ, ಸೂಚಿಯನ್ನು (ಇಂಡೆಕ್ಸ್) ಹೊಸದಾಗಿ ಕಟ್ಟಿದಾಗ ನಮೂದುಗಳೆಲ್ಲ ಮರಳಿ ಕಂಡವು. ಹಾಗೆ ಮಾಡಿದ್ದು ಪ್ರೋಗ್ರಾಮಿಂಗೋ ಸಿಸ್ಟಮ್ ಅಡ್ಮಿನಿಸ್ಟ್ರೇಶನ್ನೋ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ.

ಅದೇ ಲೆಕ್ಕದಲ್ಲಿ ಬಡ್ಡಿಯ ಪೈಸೆಗಳ ಗೊಂದಲವೂ ಬಂತು. ಕಂಪ್ಯೂಟರ್ ದಶಮಾಂಶವನ್ನು ದ್ವಿಮಾನದಲ್ಲಿ ಇಡುವಾಗ 0.1ರಂಥ ಸರಳ ಸಂಖ್ಯೆಯನ್ನೂ ನಿಖರವಾಗಿ ಇಡಲಾರದು. ಸಾವಿರಾರು ಖಾತೆಗಳ ಬಡ್ಡಿಯನ್ನು ಕೂಡಿದಾಗ ಕೊನೆಗೆ ಕೆಲವು ಪೈಸೆ ಹೆಚ್ಚುಕಡಿಮೆಯಾಗುತ್ತದೆ, ಲೆಕ್ಕಪರಿಶೋಧಕರು ಆ ಪೈಸೆಯನ್ನೇ ಹಿಡಿಯುತ್ತಾರೆ. ಹಣವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಟ್ಟು, ಎಲ್ಲಿ ಸುತ್ತುಗಟ್ಟಬೇಕೆಂಬುದನ್ನು ಒಂದೇ ಕಡೆ ನಿರ್ಧರಿಸುವುದೇ ಇದಕ್ಕೆ ಪರಿಹಾರ. ನೀವು ಪೈಥಾನ್‌ನಲ್ಲಿ ಬರೆಯುತ್ತಿದ್ದರೆ ಡೆಸಿಮಲ್ ಎಂಬ ಮಾಡ್ಯೂಲ್ ಇದೆ, ಅದನ್ನು ಬಳಸಿ.

ವರ್ಷವನ್ನು ಎರಡಂಕಿಯಲ್ಲಿ ಇಟ್ಟಿದ್ದ ಪ್ರೋಗ್ರಾಮ್‌ಗಳು 2000ವನ್ನು 1900 ಎಂದು ಓದುತ್ತವೆ ಎಂಬ 2000ನೇ ಇಸವಿಯ ಗಾಬರಿಯನ್ನು ನೀವು ಕೇಳಿರಬಹುದು. ಡಿಬಿಎಫ್‌ನ ದಿನಾಂಕದ ಕ್ಷೇತ್ರ ವರ್ಷವನ್ನು ನಾಲ್ಕಂಕಿಯಲ್ಲೇ ಇಡುತ್ತಿತ್ತು. ತೊಂದರೆಯಿದ್ದದ್ದು ಪರದೆಯಲ್ಲಿ ಎರಡಂಕಿ ಕೇಳುತ್ತಿದ್ದ ನಮೂನೆಗಳಲ್ಲಿ ಮತ್ತು ದಿನಾಂಕವನ್ನು ಅಕ್ಷರಗಳೆಂದು ಬರೆದಿಟ್ಟ ಕಡೆಗಳಲ್ಲಿ. ಸೆಟ್ ಸೆಂಚುರಿ ಆನ್ ಎಂಬ ಒಂದು ಆಜ್ಞೆಯಿಂದ ಅರ್ಧ ಕೆಲಸ ಮುಗಿಯಿತು, ಉಳಿದರ್ಧಕ್ಕೆ ಪ್ರತಿ ಸಾಲನ್ನೂ ಓದಬೇಕಾಯಿತು. ಇಂಥದ್ದೇ ಇನ್ನೊಂದು ಮುಂದೆ ಕಾದಿದೆ. 32 ಬಿಟ್‌ಗಳಲ್ಲಿ ಸೆಕೆಂಡುಗಳನ್ನು ಎಣಿಸುವ ಹಳೆಯ ಯುನಿಕ್ಸ್ ಗಡಿಯಾರ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಆಗ ನೀವು ಸೇವೆಯಲ್ಲಿರುತ್ತೀರಿ, ನಾನಿರುವುದಿಲ್ಲ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನನಗೆ ಸಿಕ್ಕಿದ್ದು 1990ರ ದಶಕದ ಉತ್ತರಾರ್ಧದಲ್ಲಿ, ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಲ್ಲಿ. ಲಿನಸ್ ಟೊರ್ವಾಲ್ಡ್ಸ್ ಅದನ್ನು ಪ್ರಕಟಿಸಿದ್ದು 1991ರಲ್ಲಿ. ಅದು ಅನುಸರಿಸಿದ ಯುನಿಕ್ಸ್ 1969ರಷ್ಟು ಹಿಂದಿನದು. ಆ ಹೊತ್ತಿಗೆ ನಾನು ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದೆ. ಯಂತ್ರಗಳನ್ನೆಲ್ಲ ಒಂದೇ ತೆಳುವಾದ ಕೋಎಕ್ಸಿಯಲ್ ಕೇಬಲ್‌ನಲ್ಲಿ ಪೋಣಿಸಿದ್ದೆವು. ಎರಡೂ ತುದಿಗಳಲ್ಲಿ 50 ಓಮ್‌ನ ಟರ್ಮಿನೇಟರ್ ಇರಬೇಕು, ಕಸ ಗುಡಿಸುವಾಗ ಮೇಜು ಸರಿದು ಒಂದು ಕಳಚಿದರೂ ಸಾಲಿನಲ್ಲಿದ್ದ ಅಷ್ಟೂ ಯಂತ್ರಗಳ ಸಂಪರ್ಕ ಹೋಗುತ್ತಿತ್ತು. ಆ ಕೇಬಲ್ ಇಂದು ಗುಜರಿಯಲ್ಲಿದೆ, ಆದರೆ ದೋಷವನ್ನು ಅರ್ಧರ್ಧ ಭಾಗ ಮಾಡುತ್ತಾ ಹುಡುಕುವ ಕ್ರಮವನ್ನು ಅದು ನನಗೆ ಕಲಿಸಿತು, ಪ್ರೋಗ್ರಾಮ್‌ನಲ್ಲಿ ದೋಷ ಹುಡುಕುವಾಗಲೂ ನಾನು ಹಾಗೆಯೇ ಮಾಡುತ್ತೇನೆ.

ಅಲ್ಲಿ ವಿದ್ಯಾರ್ಥಿಗಳು ದೂರದ ಯಂತ್ರಕ್ಕೆ ಲಾಗಿನ್ ಆಗುವ ಟೆಲ್ನೆಟ್ ಮೂಲಕ ಸರ್ವರ್‌ಗೆ ಬರುತ್ತಿದ್ದರು. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ತಂತಿಯ ಮೇಲೆ ಹೋಗುತ್ತದೆ, ಅದೇ ತಂತಿಯಲ್ಲಿರುವ ಯಾರು ಬೇಕಾದರೂ ಅದನ್ನು ಓದಬಹುದು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೀಗೆಯೇ ಪಾಸ್‌ವರ್ಡ್‌ಗಳು ಕಳುವಾದ ಮೇಲೆ ತತು ಯ್ಲೋನೆನ್ 1995ರಲ್ಲಿ, ಅದೇ ಕೆಲಸವನ್ನು ಗೂಢಲಿಪಿಯಲ್ಲಿ ಮಾಡುವ ಎಸ್‌ಎಸ್‌ಎಚ್ ಬರೆದರು. 1999ರಲ್ಲಿ ಬಂದ ಓಪನ್ ಎಸ್‌ಎಸ್‌ಎಚ್ ಅದನ್ನು ಎಲ್ಲೆಡೆಗೆ ತಲುಪಿಸಿತು. ಇಂದು ನೀವು ಯಾವ ಕಂಪನಿಯ ಕ್ಲೌಡ್‌ನಲ್ಲಿ ಲಿನಕ್ಸ್ ಯಂತ್ರ ತೆಗೆದುಕೊಂಡರೂ ಒಳಗೆ ಹೋಗುವ ಬಾಗಿಲು ಬಹುತೇಕ ಅದೇ. ಕೆನ್ ಥಾಂಪ್ಸನ್ 1973ರ ಸುಮಾರಿಗೆ ಬರೆದ, ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಅನ್ನು ನಾನು ಇಂದು ಮುಂಜಾನೆಯೂ ಬಳಸಿದ್ದೇನೆ. ಫಾಕ್ಸ್‌ಪ್ರೋ, ನೆಟ್‌ವೇರ್ ಎಂಬ ಜಾಲದ ತಂತ್ರಾಂಶ, ಡಾಸ್ ಮೂರೂ ಹೋದವು. ಕಡತ, ಅನುಮತಿ, ಪ್ರಕ್ರಿಯೆ, ಪೋರ್ಟ್, ಲಾಗ್ ಎಂಬ ಐದು ಸಂಗತಿಗಳ ಬಗ್ಗೆ ಕಲಿತದ್ದು ಮಾತ್ರ ಒಂದಿಷ್ಟೂ ವ್ಯರ್ಥವಾಗಿಲ್ಲ.

ಕನ್ನಡದ ವಿಷಯವನ್ನು ಬಿಡಲಾರೆ, ಏಕೆಂದರೆ ನಿಮ್ಮ ಸಂಘದ ಸದಸ್ಯರ ಹೆಸರುಗಳು ಕನ್ನಡದಲ್ಲೇ ಇರಬೇಕು. ಮೊದಲು ಸಿಡ್ಯಾಕ್ ಎಂಬ ಸರ್ಕಾರಿ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂಡಿಸಿ ಡಾಸ್‌ನಲ್ಲಿ ಕನ್ನಡ ತರುತ್ತಿದ್ದರು. ಆಮೇಲೆ ಬರಹ ಮತ್ತು ನುಡಿ ಬಂದು ಕಚೇರಿಗಳಲ್ಲೆಲ್ಲ ಕನ್ನಡ ಬೆರಳಚ್ಚು ಸುಲಭವಾಯಿತು. ಆ ಕಾಲದ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿರುತ್ತಿದ್ದರು. ಮುದ್ರಣಕ್ಕೆ ಅದು ಸಾಕಾಗುತ್ತಿತ್ತು, ಆದರೆ ಡೇಟಾಬೇಸ್‌ನಲ್ಲಿ ಅದೇ ಪಠ್ಯವನ್ನು ಇಟ್ಟರೆ ಅಕಾರಾದಿಯಾಗಿ ಜೋಡಿಸಲೂ ಆಗದು, ಹೆಸರು ಹುಡುಕಲೂ ಆಗದು. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿದ್ದರೂ ನಮ್ಮ ಕಚೇರಿಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ಹಳೆಯ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಕೆಲಸವನ್ನು ನಾನು ಹಲವು ಸಂಸ್ಥೆಗಳಿಗೆ ಮಾಡಿಕೊಟ್ಟಿದ್ದೇನೆ. ಅಲ್ಲಿ ಎದುರಾಗುವ ತೊಡಕುಗಳು ಬರಿಯ ಪ್ರೋಗ್ರಾಮರ್‌ಗಾಗಲಿ ಬರಿಯ ಅಡ್ಮಿನ್‌ಗಾಗಲಿ ಸುಲಭದಲ್ಲಿ ತಿಳಿಯುವಂಥವಲ್ಲ. ಯುನಿಕೋಡ್ ಅನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಬೆಳಗಾವಿ ಎಂದು ಬರೆದರೆ 21 ಬೈಟ್, ಬಾಗಲಕೋಟೆ ಎಂದರೆ 24. ಬೈಟ್ ಲೆಕ್ಕದಲ್ಲಿ 20ರ ಕ್ಷೇತ್ರ ಇಟ್ಟವರ ಕೋಷ್ಟಕದಲ್ಲಿ ಊರಿನ ಹೆಸರೇ ತುಂಡಾಗುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 8ನೇ ಆವೃತ್ತಿಗಿಂತ ಹಿಂದೆ ಪೂರ್ವನಿಯೋಜಿತ ಲಿಪಿ ಇಂಗ್ಲಿಷ್‌ನಂಥ ಭಾಷೆಗಳ ಲ್ಯಾಟಿನ್-1 ಆಗಿತ್ತು. ಅದನ್ನು ಬದಲಿಸದೆ ಕನ್ನಡ ತುಂಬಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತಿದ್ದವು, ಅವುಗಳಿಂದ ಮೂಲ ಹೆಸರನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಕೋ ಎಂಬಲ್ಲಿನ ದೀರ್ಘ ಓತ್ವವನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ. ನಮೂದಿಸುವ ಹಂತದಲ್ಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರದಿದ್ದರೆ ಒಬ್ಬನೇ ಸದಸ್ಯ ಎರಡು ಖಾತೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ.

ಬೆಂಗಳೂರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವ ಮೊದಲು ನಿಮ್ಮ ಸಂಘದ ಸರ್ವರ್ ಅನ್ನು ಬುಡದಿಂದ ತುದಿಯವರೆಗೆ ಅರಿತುಕೊಳ್ಳಿ. ಅಷ್ಟು ಅಧಿಕಾರ ಕೊಟ್ಟು ನಿಮ್ಮ ವಯಸ್ಸಿನವರ ಕೈಗೆ ಒಂದು ಇಡೀ ವ್ಯವಸ್ಥೆಯನ್ನು ಒಪ್ಪಿಸುವ ಕಂಪನಿ ಅಲ್ಲಿ ಸಿಗುವುದು ಕಷ್ಟ.

ತಾಜ್ ಬಾವಡಿ, ವಿಜಯಪುರ

ಕೋಟೆಕೆರೆಯ ಸರ್ ಬರೆದದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಒಬ್ಬರೇ ಎಲ್ಲವೂ ಆಗಿರುವುದನ್ನು ಅವರು ವರವೆಂಬಂತೆ ಹೇಳಿದ್ದಾರೆ, ಅದಕ್ಕೆ ನನ್ನ ತಕರಾರಿದೆ. ಕೆಲಸ ಕಲಿಯುವವರಿಗೆ ಅದು ವರ ಇರಬಹುದು, ಸಂಸ್ಥೆಗೆ ಅದು ಅಪಾಯ. ಹೆಣ್ಣುಮಕ್ಕಳ ಪಾಲಿಗೆ ಅದರ ಹೊರೆ ಇನ್ನೊಂದು ಬಗೆಯದು, ಏಕೆಂದರೆ ರಾತ್ರಿ ಎರಡು ಗಂಟೆಗೆ ಕಾರ್ಖಾನೆಯಿಂದ ಕರೆ ಬಂದರೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ತಾಂತ್ರಿಕ ಪುಸ್ತಕಗಳಲ್ಲಿ ಉತ್ತರವಿರುವುದಿಲ್ಲ. ನಾನು ದೂರದಿಂದಲೇ ಕೆಲಸ ಮಾಡುವ ವ್ಯವಸ್ಥೆಗಳನ್ನು ಅಷ್ಟು ಹಟದಿಂದ ಕಲಿತದ್ದಕ್ಕೆ ಅದೇ ಕಾರಣ.

ಎಂಜಿನಿಯರಿಂಗ್ ಮುಗಿಸಿ ನಾನು ಮೊದಲು ಸೇರಿದ್ದು ಒಂದು ಸಕ್ಕರೆ ಕಾರ್ಖಾನೆಗೆ, ಪ್ರೋಗ್ರಾಮರ್ ಎಂದು. ಹಂಗಾಮು ಆರಂಭವಾದರೆ ಕಬ್ಬಿನ ಗಾಡಿಗಳು ಹಗಲು ರಾತ್ರಿ ಬರುತ್ತವೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಗೇಟಿನಿಂದ ರಸ್ತೆಯವರೆಗೆ ನಿಂತಿರುತ್ತವೆ. ತೂಕದ ಕಾಟಾದ ಮೇಲೆ ತುಂಬಿದ ಗಾಡಿಯ ತೂಕ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಇವೆರಡರ ವ್ಯತ್ಯಾಸವೇ ರೈತನ ಬಿಲ್ಲು. ಕಾಟಾದ ಸೂಚಕ ಯಂತ್ರ ತೂಕವನ್ನು ಸೀರಿಯಲ್ ಪೋರ್ಟ್ ಮೂಲಕ ಅಕ್ಷರಗಳ ಸಾಲಾಗಿ ಕಳಿಸುತ್ತಲೇ ಇರುತ್ತದೆ. ಗಾಡಿ ಇನ್ನೂ ಅಲುಗಾಡುತ್ತಿರುವಾಗ ಬಂದ ಅಂಕಿಯನ್ನು ಹಿಡಿಯದೆ, ತೂಕ ಸ್ಥಿರವಾಗಿದೆ ಎಂಬ ಗುರುತು ಬಂದ ಮೇಲಷ್ಟೇ ಅದನ್ನು ದಾಖಲಿಸಬೇಕು. ಪ್ರೋಗ್ರಾಮ್‌ನ ಮಟ್ಟಿಗೆ ಕೆಲಸ ಅಷ್ಟೇ.

ಪ್ರೋಗ್ರಾಮ್ ಸರಿಯಾಗಿದ್ದರೂ ಕಾಟಾ ನಿಲ್ಲುತ್ತಿತ್ತು. ಹೊಸ ಯಂತ್ರಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿ ಪರಿವರ್ತಕ ಹಾಕಿದ್ದರು. ಲಿನಕ್ಸ್ ಯಂತ್ರ ಮರಳಿ ಆರಂಭವಾದಾಗ ಎರಡು ಕಾಟಾಗಳ ಪರಿವರ್ತಕಗಳಿಗೆ ಸಿಗುವ ಸಾಧನದ ಹೆಸರು ಅದಲುಬದಲಾಗಿ, ಒಂದನೆಯ ಕಾಟಾದ ತೂಕ ಎರಡನೆಯದರ ಪರದೆಗೆ ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರಿಡುವ ಯುಡೆವ್‌ನ ನಿಯಮ ಬರೆದು, ಪರಿವರ್ತಕ ಯಾವ ಕಿಂಡಿಯಲ್ಲಿದೆ ಎಂಬುದರ ಮೇಲೆ ಶಾಶ್ವತ ಹೆಸರು ಕಟ್ಟಿದ ಮೇಲೆ ಆ ಅದಲುಬದಲು ನಿಂತಿತು. ಇನ್ನೊಂದು ತೊಂದರೆ ಅರ್ಥಿಂಗ್‌ನದು. ಕಾಟಾ ಇರುವುದು ಬಯಲಲ್ಲಿ, ಸರ್ವರ್ ಇರುವುದು ಕಚೇರಿಯಲ್ಲಿ. ಎರಡರ ಭೂಸಂಪರ್ಕ ಬೇರೆಯಾಗಿದ್ದರಿಂದ ಗುಡುಗು ಮಳೆಗೆ ಪೋರ್ಟ್‌ಗಳು ಸುಟ್ಟುಹೋಗುತ್ತಿದ್ದವು. ನಡುವೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಪ್ರತ್ಯೇಕಕವನ್ನು ಹಾಕಿಸಿದ ಮೇಲೆ ಸುಡುವುದು ತಪ್ಪಿತು. ಇವೆರಡೂ ನನ್ನ ಹುದ್ದೆಯ ಪಟ್ಟಿಯಲ್ಲಿ ಇರಲಿಲ್ಲ.

ತೂಕದ ವಿಷಯದಲ್ಲಿ ರೈತರಿಗೆ ಸಂಶಯವಿರುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಆದ್ದರಿಂದ ಒಮ್ಮೆ ದಾಖಲಾದ ತೂಕವನ್ನು ಯಾರೂ ಅಳಿಸದಂತೆ, ತಿದ್ದುಪಡಿ ಬೇಕಾದರೆ ಹಳೆಯದನ್ನು ಉಳಿಸಿ ಹೊಸ ಸಾಲಾಗಿ ಸೇರಿಸುವಂತೆ, ಯಾರು ಯಾವಾಗ ಸೇರಿಸಿದರು ಎಂಬುದು ಕಾಣುವಂತೆ ಬರೆದೆ. ಇದೊಂದು ವಿನ್ಯಾಸವನ್ನು ನಾನು ಆಮೇಲೆ ಹೋದ ಕಡೆಗಳಲ್ಲೆಲ್ಲ ಬಳಸಿದ್ದೇನೆ, ನಿಮ್ಮ ಸಂಘಕ್ಕೂ ಇದು ಬೇಕೇ ಬೇಕು.

ಈಗ ಪುಣೆಯ ಒಂದು ಕಂಪನಿಗೆ ವಿಜಯಪುರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕ್ಲೌಡ್ ಬಂದು ಅಡ್ಮಿನ್ ಕೆಲಸ ಹೋಯಿತು ಎನ್ನುವ ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಡಿಸ್ಕ್ ಬದಲಿಸುವ, ಕೇಬಲ್ ಎಳೆಯುವ ಭಾಗ ಬೇರೆಯವರ ಪಾಲಾಯಿತು. ಉಳಿದದ್ದು ಹೋಗಿಲ್ಲ, ಅದು ಪ್ರೋಗ್ರಾಮ್‌ನ ರೂಪ ತಾಳಿದೆ. ಆನ್ಸಿಬಲ್, ಟೆರಾಫಾರ್ಮ್ ಮೊದಲಾದ ಸಲಕರಣೆಗಳಲ್ಲಿ ಸರ್ವರ್ ಹೇಗಿರಬೇಕೆಂಬುದನ್ನು ಕಡತದಲ್ಲಿ ಬರೆದು ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಡುತ್ತೇವೆ. ಏನು ಬರೆಯಬೇಕೆಂದು ತಿಳಿಯಲು ಮಾತ್ರ ಅದೇ ಹಳೆಯ ಜ್ಞಾನ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಕ್ಲೌಡ್ ಯಂತ್ರಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ರಾತ್ರಿ ಎರಡು ಗಂಟೆಗೆ ಕಾಟಾಕ್ಕೆ ಬಂದ ಗಾಡಿ ಆ ಗಡಿಯಾರದ ಪ್ರಕಾರ ಹಿಂದಿನ ದಿನದ್ದು. ಮಧ್ಯರಾತ್ರಿಯ ಬಡ್ಡಿ ಲೆಕ್ಕವನ್ನು, ಕೆಲಸಗಳನ್ನು ವೇಳೆಗೆ ಸರಿಯಾಗಿ ನಡೆಸುವ ಕ್ರಾನ್‌ನಲ್ಲಿ ಸೊನ್ನೆ ಗಂಟೆಗೆ ಇಟ್ಟರೆ ಅದು ನಮ್ಮಲ್ಲಿ ನಸುಕಿನ ಐದೂವರೆಗೆ ನಡೆಯುತ್ತದೆ. ಪ್ರೋಗ್ರಾಮ್ ಬರೆದವರಿಗೆ ಸರ್ವರ್ ತಿಳಿಯದಿದ್ದರೆ ಇಂಥದ್ದು ಹಂಗಾಮಿನ ನಡುವೆ ಹೊರಬೀಳುತ್ತದೆ.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟದ್ದು ಬಯಲಾಯಿತಲ್ಲ, ಅದನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್ ಡೇಟಾಬೇಸ್ ಪ್ರೋಗ್ರಾಮರ್. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬುದನ್ನು ಗಮನಿಸಿ, ಏಕೆಂದು ಬೆನ್ನು ಹತ್ತಿದರು. ಬರಿಯ ಕೋಡ್ ಓದುವವರಿಗಾಗಲಿ ಬರಿಯ ಎಚ್ಚರಿಕೆಯ ಫಲಕ ನೋಡುವವರಿಗಾಗಲಿ ಅದು ಸಿಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ತಮ್ಮಾ, ನೀವು ಇಂದೇ ಮಾಡಬೇಕಾದದ್ದು ಒಂದಿದೆ. ಸರ್ವರ್ ನಿಂತರೆ ಯಾವ ಕ್ರಮದಲ್ಲಿ ಏನು ಮಾಡಬೇಕೆಂಬುದನ್ನು ಸಂಘದ ಹಿರಿಯ ಗುಮಾಸ್ತರು ಓದಿ ಮಾಡುವಷ್ಟು ಸರಳವಾಗಿ, ಕನ್ನಡದಲ್ಲಿ, ಕಾಗದದ ಮೇಲೆ ಬರೆದಿಡಿ. ಪಾಸ್‌ವರ್ಡ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಗೆ ಹಾಕಿಸಿ. ನಿಮಗೆ ರಜೆ ಸಿಗುವುದೂ, ಮುಂದೆ ನೀವು ಬೆಂಗಳೂರಿಗೆ ಹೋಗುವುದಾದರೆ ಮನಸ್ಸಿನಲ್ಲಿ ಅಳುಕಿಲ್ಲದೆ ಹೋಗುವುದೂ ಅದರಿಂದಲೇ ಸಾಧ್ಯ.

ಜೋಡಿ ಮಗ್ಗ, ಬನಹಟ್ಟಿ

ನಾನು ಇವರಿಬ್ಬರಷ್ಟು ಓದಿದವನಲ್ಲ, ರಬಕವಿ ಬನಹಟ್ಟಿಯ ಜವಳಿ ವ್ಯಾಪಾರಿಗಳ ಮತ್ತು ಸಂಘಗಳ ಕಂಪ್ಯೂಟರ್ ದುರಸ್ತಿ ಮಾಡುವವನು. ಬ್ಯಾಕಪ್ ವಿಷಯ ಇಲ್ಲಿ ಇನ್ನೂ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ವೈರಸ್ ಬಂದಾಗ ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ನಿಲ್ಲಿಸಿಟ್ಟ ಯಂತ್ರಗಳೇ ಸಿಕ್ಕಿಬಿದ್ದವು. ಅದರ ನಂತರವೂ ಇಂಥ ಬೀಗ ಹಾಕುವ ವೈರಸ್‌ಗಳು ನಮ್ಮ ಕಡೆಯ ಅಂಗಡಿಗಳಿಗೆ ಬರುತ್ತಲೇ ಇವೆ. ನಾನು ಹೋಗಿ ನೋಡಿದಾಗ ಬಹಳಷ್ಟು ಕಡೆ ಬ್ಯಾಕಪ್ ಇರುತ್ತದೆ, ಆದರೆ ಅದು ಅದೇ ಯಂತ್ರಕ್ಕೆ ಸದಾ ಚುಚ್ಚಿಟ್ಟ ಪೆನ್‌ಡ್ರೈವ್‌ನಲ್ಲಿರುತ್ತದೆ, ವೈರಸ್ ಅದಕ್ಕೂ ಬೀಗ ಹಾಕಿರುತ್ತದೆ. ಪ್ರೋಗ್ರಾಮರ್, ಅಡ್ಮಿನ್ ಎಂಬ ಚರ್ಚೆ ಆಮೇಲೆ ಆಗಲಿ, ನಿಮ್ಮ ಸಂಘದ ಬ್ಯಾಕಪ್ ಎಲ್ಲಿದೆ ಎಂದು ಮೊದಲು ತಿಳಿಸಿ.

ಘಟಪ್ರಭೆಯ ದಂಡೆ, ಮುಧೋಳ

ಮೂವರಿಗೂ ಋಣಿಯಾಗಿದ್ದೇನೆ. ಅಕ್ಕನವರು ಹೇಳಿದ ಕಾಗದವನ್ನು ಈಗಾಗಲೇ ಬರೆಯಲು ಕುಳಿತಿದ್ದೇನೆ. ಬರೆಯುತ್ತಾ ಹೋದಂತೆ ನನಗೇ ಗೊತ್ತಿಲ್ಲದ ಜಾಗಗಳು ಸಿಗುತ್ತಿವೆ.

ಬನಹಟ್ಟಿಯ ಅಣ್ಣನವರ ಪ್ರಶ್ನೆಗೆ ಉತ್ತರ ಹೀಗಿದೆ. ಸರ್ವರ್‌ನಲ್ಲಿ ಎರಡು ಡಿಸ್ಕ್‌ಗಳು ರೇಡ್-1ರಲ್ಲಿವೆ, ಒಂದು ಹೋದರೂ ಇನ್ನೊಂದಿದೆ, ಬೇರೆ ಬ್ಯಾಕಪ್‌ನ ಖರ್ಚು ಏಕೆ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2014ರ ಎಕ್ಸ್‌ಪ್ರೆಸ್ ಆವೃತ್ತಿ. ತಂತ್ರಾಂಶ ಕೊಟ್ಟವರು ವಾರಕ್ಕೊಮ್ಮೆ ಡೇಟಾ ಫೋಲ್ಡರ್ ಅನ್ನು ನಕಲು ಮಾಡಿಕೊಳ್ಳಿ ಎಂದು ಹೇಳಿಹೋಗಿದ್ದಾರೆ. ಇಷ್ಟು ಸಾಕೆ?

ಕೋಟೆಕೆರೆ, ಬೆಳಗಾವಿ

ಸಾಲದು. ರೇಡ್-1 ಎಂದರೆ ಒಂದು ಡಿಸ್ಕಿನಲ್ಲಿ ಆದದ್ದೆಲ್ಲ ಆ ಗಳಿಗೆಯಲ್ಲೇ ಇನ್ನೊಂದರಲ್ಲೂ ಆಗುತ್ತದೆ. ಗುಮಾಸ್ತರು ಒಂದು ಕೋಷ್ಟಕ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ವೈರಸ್ ಬಂದರೆ ಎರಡಕ್ಕೂ ಬರುತ್ತದೆ, 2019ರ ಆಗಸ್ಟ್‌ನಂತೆ ಘಟಪ್ರಭೆ ಊರೊಳಗೆ ಬಂದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಮುಳುಗುತ್ತವೆ. ಮುಧೋಳದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಕಾರ್ಯದರ್ಶಿಗಳಿಗೂ ಆ ಒಂದು ಮಾತು ಸಾಕಾಗಬಹುದು.

ನಡೆಯುತ್ತಿರುವ ಡೇಟಾಬೇಸ್‌ನ ಫೋಲ್ಡರ್ ನಕಲು ಮಾಡುವುದೂ ಬ್ಯಾಕಪ್ ಅಲ್ಲ. ಸೇವೆ ನಡೆಯುತ್ತಿರುವಾಗ ಆ ಕಡತಗಳು ನಕಲಾಗುವುದೇ ಇಲ್ಲ, ಬಲವಂತದಿಂದ ನಕಲು ಮಾಡಿದರೂ ಒಳಗಿನ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ಬ್ಯಾಕಪ್ ಡೇಟಾಬೇಸ್ ಎಂಬ ಆಜ್ಞೆಯನ್ನೇ ಕೊಡಬೇಕು. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ವೇಳಾಪಟ್ಟಿಯಂತೆ ಕೆಲಸ ನಡೆಸುವ ಏಜೆಂಟ್ ಇರುವುದಿಲ್ಲ, ಹೀಗಾಗಿ ಆ ಆಜ್ಞೆಯನ್ನು ಒಂದು ಕಡತದಲ್ಲಿ ಬರೆದು, ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್‌ಸಿಎಂಡಿ ಮೂಲಕ ನಡೆಯುವಂತೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿ, ದಿನವೂ ಕೌಂಟರ್ ಮುಚ್ಚಿ ಶಿಲ್ಕು ತಾಳೆಯಾದ ಮೇಲಿನ ಸಮಯ ಕೊಡಿ. ಇನ್ನೊಂದನ್ನೂ ನೋಡಿಕೊಳ್ಳಿ. ನಿಮ್ಮ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಗಿಗಾಬೈಟ್‌ನ ಮಿತಿ ಇದೆ. ಸದಸ್ಯರ ಫೋಟೋ, ಸಹಿಗಳನ್ನು ಡೇಟಾಬೇಸ್‌ನೊಳಗೇ ಇಟ್ಟಿದ್ದರೆ ಒಂದು ದಿನ ಹೊಸ ನಮೂದು ಹೋಗುವುದೇ ನಿಲ್ಲುತ್ತದೆ. ಈಗ ಎಷ್ಟು ತುಂಬಿದೆ ಎಂದು ನೋಡಿ, ತಿಂಗಳಿಗೆ ಎಷ್ಟು ಬೆಳೆಯುತ್ತಿದೆ ಎಂಬ ಲೆಕ್ಕ ಇಡಿ.

ಬ್ಯಾಕಪ್ ಕಡತ ಮೂರು ಕಡೆ ಇರಲಿ. ಸರ್ವರ್‌ನಲ್ಲಿ ಒಂದು, ಕೆಲಸ ಮುಗಿದ ಕೂಡಲೇ ಕಳಚಿ ತಿಜೋರಿಗೆ ಹೋಗುವ ಹೊರಗಿನ ಡಿಸ್ಕಿನಲ್ಲಿ ಒಂದು, ನದಿಗೆ ದೂರವಿರುವ ಶಾಖೆಯೊಂದರಲ್ಲಿ ಅಥವಾ ಕ್ಲೌಡ್‌ನಲ್ಲಿ ಗೂಢಲಿಪಿಗೊಳಿಸಿದ ಒಂದು. ಹೊರಗಿನ ಡಿಸ್ಕ್ ಎರಡಿದ್ದು ದಿನ ಬಿಟ್ಟು ದಿನ ಬದಲಾಗುವುದಾದರೆ ಇನ್ನೂ ಒಳ್ಳೆಯದು. ಕಡತವನ್ನು ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ ನೋಡುವವರೆಗೆ ಅದನ್ನು ನಂಬಬೇಡಿ. ಹಳೆಯ ಒಂದು ಡೆಸ್ಕ್‌ಟಾಪ್‌ಗೆ ಅದೇ ಆವೃತ್ತಿಯನ್ನು ಹಾಕಿ, ತಿಂಗಳಿಗೊಮ್ಮೆ ಮರುಸ್ಥಾಪಿಸಿ, ಡೇಟಾಬೇಸ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಡಿಬಿಸಿಸಿ ಚೆಕ್‌ಡಿಬಿ ಆಜ್ಞೆ ನಡೆಸಿ, ಹಿಂದಿನ ದಿನದ ಠೇವಣಿ ಮತ್ತು ಸಾಲದ ಒಟ್ಟು ಮೊತ್ತವನ್ನು ಮುದ್ರಿತ ವರದಿಯೊಂದಿಗೆ ತಾಳೆ ನೋಡಿ. ತಾಳೆ ನೋಡುವ ಭಾಗವನ್ನು ನೀವು ಪೈಥಾನ್‌ನಲ್ಲಿ ಬರೆಯಬಹುದು. ನಿಮಗೆ ಬೇಕಾದ ಪ್ರೋಗ್ರಾಮಿಂಗ್ ಅಭ್ಯಾಸವೂ ಅಲ್ಲೇ ಆಗುತ್ತದೆ, ಬೆಂಗಳೂರಿನ ಸಂದರ್ಶನದಲ್ಲಿ ತೋರಿಸಲು ಒಂದು ನಿಜವಾದ ಕೆಲಸವೂ ಕೈಯಲ್ಲಿರುತ್ತದೆ.

ತಾಜ್ ಬಾವಡಿ, ವಿಜಯಪುರ

ಸರ್ ಹೇಳಿದ್ದಕ್ಕೆ ಒಂದು ಸೇರಿಕೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ ಕೆಲಸವನ್ನು ನಿಮ್ಮ ಹೆಸರಿನ ಖಾತೆಯಲ್ಲಿ ನಡೆಸಬೇಡಿ. ನೀವು ಪಾಸ್‌ವರ್ಡ್ ಬದಲಿಸಿದ ದಿನವೇ ಅದು ಸದ್ದಿಲ್ಲದೆ ನಿಂತುಹೋಗುತ್ತದೆ. ಅದಕ್ಕೆಂದೇ ಪ್ರತ್ಯೇಕ ಖಾತೆ ಮಾಡಿ, ಡೇಟಾಬೇಸ್‌ನ ಬ್ಯಾಕಪ್ ತೆಗೆಯುವಷ್ಟು ಅನುಮತಿ ಮಾತ್ರ ಕೊಡಿ, ಬ್ಯಾಕಪ್ ಫೋಲ್ಡರ್‌ಗೆ ಬರೆಯುವ ಅನುಮತಿ ಎಸ್‌ಕ್ಯೂಎಲ್ ಸರ್ವರ್ ಸೇವೆಯ ಖಾತೆಗೆ ಇರಬೇಕು. ಪ್ರತಿ ಮುಂಜಾನೆ ಕಡತದ ದಿನಾಂಕ ಮತ್ತು ಗಾತ್ರ ನಿಮ್ಮ ಫೋನಿಗೆ ಸಂದೇಶವಾಗಿ ಬರುವಂತೆ ಬರೆಯಿರಿ. ಬ್ಯಾಕಪ್ ವಿಫಲವಾದಾಗ ಮಾತ್ರ ಸಂದೇಶ ಬರುವಂತೆ ಇಟ್ಟರೆ, ಯಂತ್ರವೇ ನಿಂತ ದಿನ ಯಾವ ಸಂದೇಶವೂ ಬರುವುದಿಲ್ಲ, ಎಲ್ಲ ಸರಿಯಿದೆ ಎಂದು ನೀವು ಸುಮ್ಮನಿರುತ್ತೀರಿ. ಆ ಸಂದೇಶ ಕಾರ್ಯದರ್ಶಿಗಳ ಫೋನಿಗೂ ಹೋಗಲಿ, ಎರಡನೆಯ ಡಿಸ್ಕಿನ ಖರ್ಚಿಗೆ ಮಂಜೂರಾತಿ ಕೇಳುವಾಗ ಅನುಕೂಲವಾಗುತ್ತದೆ.